ನಾಲ್ಕೂ ಕಡೆ ನೀರು

ತಂಗುವ ಜಾಗ ಆರಿಸುವುದರಲ್ಲಿ ನನಗೊಂದು ಕಾಯಿಲೆ ಇದೆ. ಅದನ್ನು ನಾನು ಮುಂಜಾಗ್ರತೆ ಎನ್ನುತ್ತೇನೆ. ನನ್ನ ಹೆಂಡತಿ ನಾಗರತ್ನ ಅದಕ್ಕೆ ಇಟ್ಟಿರುವ ಹೆಸರು ಬೇರೆ, ಅದನ್ನು ಇಲ್ಲಿ ಬರೆಯಲಾರೆ. ಮುಳಬಾಗಿಲಿನವನಾದ ನಾನು ಯಾವ ಊರಿನ ಲಾಡ್ಜಿಗೆ ಹೋದರೂ ಹಾಸಿಗೆ, ಕಿಟಕಿ ಯಾವುದನ್ನೂ ನೋಡುವುದಿಲ್ಲ. ನೇರವಾಗಿ ಬಚ್ಚಲಿಗೆ ನುಗ್ಗಿ ನಲ್ಲಿ ತಿರುಗಿಸುತ್ತೇನೆ. ಬುಸ್ ಎಂದು ಗಾಳಿ ಬಂದರೆ ಚೀಲ ಎತ್ತಿಕೊಂಡು ವಾಪಸು. ಸಾವಿರದೈನೂರು ಅಡಿ ಕೊರೆಸಿದರೂ ಧೂಳೇ ಹಾರುವ ನೆಲದಲ್ಲಿ ಬೆಳೆದವನ ಬುದ್ಧಿ ಇದು. ನಮ್ಮ ಕಡೆ ಹೆಣ್ಣು ಕೊಡುವವರು ಹುಡುಗನ ಸಂಬಳ ವಿಚಾರಿಸುವ ಮೊದಲು ಆ ಊರಿನ ಟೀ ಅಂಗಡಿಯಲ್ಲಿ ಕೂತು, "ಇಲ್ಲಿ ನೀರು ಹೆಂಗೆ?" ಎಂದು ಕೇಳುತ್ತಾರೆ. ನನ್ನ ಮಾವನವರೂ ಕೇಳಿದ್ದರು; ಆದರೆ ಟೀ ಅಂಗಡಿಯವನನ್ನು ಬಿಟ್ಟು ನನ್ನನ್ನೇ ಕೇಳಿಬಿಟ್ಟರು. "ಇಪ್ಪತ್ನಾಲ್ಕು ಗಂಟೆನೂ ಬರ್ತದೆ ಯಜಮಾನ್ರೇ" ಎಂದಿದ್ದೆ. ಮದುವೆಯಾದ ಮೂರನೇ ದಿನ ನಾಗರತ್ನ ಕೊಡ ಹಿಡಿದು ಟ್ಯಾಂಕರಿನ ಹಿಂದೆ ನಿಂತಿದ್ದಳು. ಅಂದಿನಿಂದ ಆ ಮಾತನ್ನು ಯಾರು ಹೇಳಿದರೂ ನಾನು ನಂಬುವುದಿಲ್ಲ. ಕಳ್ಳನಿಗೆ ಕಳ್ಳನ ಗುರುತು ಸಿಗುತ್ತದೆ.

ನಾಗರತ್ನ ತಾಯಲೂರಿನ ಶಾಲೆಯಲ್ಲಿ ಸಮಾಜ ಪಾಠ ಹೇಳುವ ಮೇಡಂ. ಇಪ್ಪತ್ತೈದು ವರ್ಷಗಳಿಂದ ಬೋರ್ಡಿನ ಮೇಲೆ ನೀಲಿ ಚಾಕ್‌ಪೀಸು ಸವೆಸಿ, ಪರ್ಯಾಯ ದ್ವೀಪವೆಂದರೆ ಮೂರು ಕಡೆ ನೀರಿರುವ ಭೂಭಾಗ ಎಂದು ಮಕ್ಕಳ ತಲೆಗೆ ತುಂಬಿದವಳು. ಆದರೆ ಸಮುದ್ರವನ್ನು ಒಮ್ಮೆಯೂ ಕಣ್ಣಾರೆ ಕಂಡವಳಲ್ಲ. ಪ್ರತಿ ಬೇಸಿಗೆಯಲ್ಲೂ ಚೆನ್ನೈ ಕಡೆಗೆಂದು ಹೊರಟ ನಮ್ಮ ಪ್ರವಾಸ, ನನ್ನ ಭಕ್ತಿಯಿಂದಲೋ ಸೋಮಾರಿತನದಿಂದಲೋ, ತಿರುಪತಿಯಲ್ಲೇ ಮುಗಿದುಹೋಗುತ್ತಿತ್ತು. ಮದುವೆಯ ಇಪ್ಪತ್ತೈದನೇ ವರ್ಷಕ್ಕೆ ಏನು ಬೇಕೆಂದು ನಾನೇ ಉದಾರವಾಗಿ ಕೇಳಿದೆ. ಅವಳು ಉತ್ತರವನ್ನು ಮೊದಲೇ ಸಿದ್ಧ ಮಾಡಿಕೊಂಡಿದ್ದಳು.

"ಮೂರು ಕಡೆ ನೀರಿರೋ ದೇಶದಲ್ಲಿ ನೀವು ಒಂದು ಕಡೆನೂ ತೋರಿಸ್ಲಿಲ್ಲ. ನಾಲ್ಕೂ ಕಡೆ ನೀರಿರೋ ಜಾಗಕ್ಕೇ ಹೋಗಣ. ಬಾಲಿಗೆ. ಅಲ್ಲಿ ಹೆಂಗೆ ತಪ್ಪಿಸ್ಕೊಳ್ತೀರೋ ನಾನೂ ನೋಡ್ತೀನಿ. ಬೆಳಿಗ್ಗೆ ಕಿಟಕಿ ತೆಗೆದ್ರೆ ಸಮುದ್ರ ಕಾಣ್ಬೇಕು, ಅಷ್ಟೇ."

ಸುದ್ದಿ ಗೌನಿಪಲ್ಲಿಯಲ್ಲಿ ಮಾವಿನ ತೋಟ ಮಾಡಿಕೊಂಡಿರುವ ಅವಳ ತಮ್ಮ ನಾರಾಯಣಸ್ವಾಮಿಗೆ ಮುಟ್ಟಿತು. ಅವನು ಫೋನು ಮಾಡಿ, "ಬೆಂಕಿ ಉಗುಳೋ ಬೆಟ್ಟ ಇದೆಯಂತಲ್ಲ ಭಾವ ಆ ಊರಲ್ಲಿ. ನಾವು ಕೊರೆದ್ರೂ ನೀರು ಬರಲ್ಲ, ಅವರಿಗೆ ಕೊರೀದೇನೇ ಬೆಂಕಿ ಬರ್ತದೆ. ಏಂ ಅದೃಷ್ಟಮೋ ಏಮೋ" ಎಂದು ತೆಲುಗಿನಲ್ಲಿ ಮುಗಿಸಿದ. ಅವನ ಮಾತನ್ನು ಅಲ್ಲಿಗೇ ಬಿಟ್ಟು ನಾನು ಮೊಬೈಲಿನಲ್ಲಿ ಜಾಗ ಹುಡುಕಲು ಕೂತೆ. ಅಲ್ಲಿನ ಹೋಟೆಲುಗಳ ವೈಭವವನ್ನು ಏನೆಂದು ಹೇಳಲಿ. ಒಂದು ಕಡೆ ಸ್ನಾನದ ತೊಟ್ಟಿಯ ತುಂಬಾ ಹೂವು ಸುರಿಯುತ್ತಾರೆ. ಇನ್ನೊಂದು ಕಡೆ ತಿಂಡಿಯನ್ನು ಬುಟ್ಟಿಯಲ್ಲಿಟ್ಟು ಈಜುಕೊಳದಲ್ಲಿ ತೇಲಿಬಿಡುತ್ತಾರೆ. ನಮ್ಮ ಕಡೆ ಕೆರೆಯಲ್ಲಿ ತೇಲಿಬಿಟ್ಟದ್ದನ್ನು ಯಾರೂ ತಿನ್ನುವುದಿಲ್ಲ. ಅಲ್ಲಿ ತಂಗಿದ್ದವರ ಅಭಿಪ್ರಾಯಗಳನ್ನಂತೂ ಓದಿ ಪುಣ್ಯ ಕಟ್ಟಿಕೊಳ್ಳಬೇಕು. ಅಲೆಗಳ ಗಲಾಟೆಗೆ ನಿದ್ದೆ ಬರಲಿಲ್ಲವೆಂದು ಒಬ್ಬ ಪುಣ್ಯಾತ್ಮ ಸಮುದ್ರಕ್ಕೆ ಎರಡೇ ನಕ್ಷತ್ರ ಕೊಟ್ಟಿದ್ದ. ಬೆಟ್ಟ ಹೊಗೆಯಾಡಲಿಲ್ಲ, ಫೋಟೋ ಸಿಗಲಿಲ್ಲ ಎಂದು ಇನ್ನೊಬ್ಬ ಮುನಿಸಿಕೊಂಡಿದ್ದ. ಇಂಥವರ ಮಾತು ಕೇಳಿ ರೂಮು ಹಿಡಿಯುವುದಕ್ಕಿಂತ ನಮ್ಮೂರಿನ ಪದ್ಧತಿಯಂತೆ ನಾನೇ ವಿಚಾರಣೆ ಮಾಡುವುದು ವಾಸಿ ಎನಿಸಿತು.

ಸಮುದ್ರದ ದಂಡೆಯ ಎಂಟು ಕಡೆಗೆ ಫೋನು ಮಾಡಿ, ನನಗೆ ಬರುವ ಇಂಗ್ಲಿಷಿನಲ್ಲಿ ಒಂದೇ ಪ್ರಶ್ನೆ ಕೇಳಿದೆ: ನಲ್ಲಿಯಲ್ಲಿ ನೀರು ಎಷ್ಟು ಹೊತ್ತು? ಎಂಟೂ ಜನ ಒಂದೇ ರಾಗದಲ್ಲಿ ಇಪ್ಪತ್ತನಾಲ್ಕು ಗಂಟೆ ಎಂದರು. ಎಂಟನ್ನೂ ಹೊಡೆದುಹಾಕಿದೆ. ಒಂಬತ್ತನೆಯವನು ಬೆಂಕಿ ಬೆಟ್ಟದ ಇಳಿಜಾರಿನಲ್ಲಿ ಮನೆಯ ಎರಡು ಕೋಣೆ ಬಾಡಿಗೆಗೆ ಕೊಡುವ ವಾಯಾನ್ ಎಂಬಾತ. ಅವನು ತುಸು ತಡವರಿಸಿ, "ಬೆಳಿಗ್ಗೆ ಏಳರಿಂದ ಒಂಬತ್ತು, ಅಷ್ಟೇ ಸಾರ್. ಕೆಲವು ದಿನ ಅದೂ ಇಲ್ಲ" ಎಂದ. ಸಾವಿರಾರು ಮೈಲಿಯಾಚೆ ನಮ್ಮವನೊಬ್ಬ ಸಿಕ್ಕಿದ್ದ. ನೀರಿನ ವಿಷಯದಲ್ಲಿ ನಿಜ ಹೇಳುವವನು ಇನ್ನು ಯಾವುದರಲ್ಲಿ ಮೋಸ ಮಾಡಿಯಾನು? ಆ ಕ್ಷಣವೇ ಕೋಣೆ ಗೊತ್ತು ಮಾಡಿದೆ.

"ಸಮುದ್ರ ಕಾಣ್ತದಂತಾ?" ಎಂದಳು ನಾಗರತ್ನ.

"ಮೋಡ ಸರಿದ್ರೆ ಕಾಣ್ತದಂತೆ."

"ಸರೀದೇ ಇದ್ರೆ?"

"ದ್ವೀಪ ಕಣೇ ಅದು. ಸಮುದ್ರ ಎಲ್ಲಿಗೆ ಹೋಗ್ತದೆ?"

ಸಮುದ್ರ ಎಲ್ಲಿಗೂ ಹೋಗಲಿಲ್ಲ, ಮೋಡವೂ ಹೋಗಲಿಲ್ಲ. ವಾಯಾನನ ಮನೆಯಲ್ಲಿ ನಾಗರತ್ನ ದಿನವೂ ಬೆಳಿಗ್ಗೆ ಕಿಟಕಿ ತೆಗೆಯುತ್ತಿದ್ದಳು. ಎದುರಿಗೆ ಕಪ್ಪು ಕಲ್ಲು, ಕುರುಚಲು ಗಿಡ, ಇಳಿಜಾರು. ಮುಳಬಾಗಿಲಿನ ನಮ್ಮ ಹಿತ್ತಿಲ ಬಾಗಿಲು ತೆಗೆದರೂ ಹೆಚ್ಚುಕಡಿಮೆ ಇದೇ ಕಾಣುತ್ತದೆ. ಅವಳು ಕಿಟಕಿ ಮುಚ್ಚಿ ನನಗೆ ಬಕೆಟ್ಟು ಕೊಡುತ್ತಿದ್ದಳು. ನಲ್ಲಿ ಮಾತ್ರ ವಾಯಾನ್ ಹೇಳಿದಂತೆ ಏಳಕ್ಕೆ ಸರಿಯಾಗಿ ಬರುತ್ತಿತ್ತು. ನಾನು ಬಕೆಟ್ಟು, ಕೆಟಲು, ಕೊನೆಗೆ ಹೂದಾನಿಯನ್ನೂ ಬಿಡದೆ ತುಂಬಿಸುತ್ತಿದ್ದೆ. ಎರಡನೇ ದಿನಕ್ಕೆ ಮನೆಯವರ ಪೈಪು ಎಳೆದು ಅವರ ಡ್ರಮ್ಮನ್ನೂ ತುಂಬಿಸಿದೆ. ಇಂಥ ಅತಿಥಿಯನ್ನು ನೋಡಿಯೇ ಇಲ್ಲವೆಂದು ವಾಯಾನ್ ಹೇಳಿದಾಗ ಎದೆಯುಬ್ಬಿಸಿಕೊಂಡೆ.

ಕೊನೆಯ ದಿನ ವಾಯಾನನ ಹೆಂಡತಿ ಕಡಲ ದಂಡೆಯ ಸಂತೆಗೆ ಕಾರಿನಲ್ಲಿ ಹೊರಟಿದ್ದಳು, ನಮ್ಮಿಬ್ಬರನ್ನೂ ಕರೆದಳು. ಕಾರು ಹೊರಡುವುದು ಏಳಕ್ಕೆ. ನೀರು ಬರುವುದೂ ಏಳಕ್ಕೆ. ನಾನು ಹಿಡಿದಿಡುತ್ತೇನೆ, ನೀವು ಹೋಗಿಬನ್ನಿ ಎಂದು ವಾಯಾನ್ ಎರಡು ಸಲ ಹೇಳಿದ. ಆದರೆ ನಮ್ಮ ಕಡೆ ಒಡಹುಟ್ಟಿದವರನ್ನೂ ನಂಬಿ ನಲ್ಲಿ ಬಿಟ್ಟು ಹೋಗುವವರಿಲ್ಲ.

"ನೀನು ಹೋಗಿ ಬಾ. ನಾನು ನೀರು ಹಿಡೀತೀನಿ" ಎಂದೆ.

ನಾಗರತ್ನ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕಾರು ಹತ್ತಿದಳು. ನನಗೆ ನಿಜಕ್ಕೂ ನಾಚಿಕೆಯಾಯಿತು. ಆದರೂ ಕೈಯಲ್ಲಿದ್ದ ಬಕೆಟ್ಟು ಕೆಳಗಿಡಲಿಲ್ಲ.

ಹನ್ನೊಂದಕ್ಕೆ ಬಂದಳು. ಮುಖ ಬಿಸಿಲಿಗೆ ಕೆಂಪಾಗಿತ್ತು. ಅಂಥ ಮುಖ ನಾನು ಇಪ್ಪತ್ತೈದು ವರ್ಷದಲ್ಲಿ ನೋಡಿರಲಿಲ್ಲ.

"ನೀರು ಬಂತಾ?" ಎಂದಳು.

"ಬಂತು. ಎಲ್ಲಾ ತುಂಬಿಸಿದೀನಿ."

"ಅಲ್ಲೂ ಬಂತು ರೀ. ನಾನೇನೂ ಹಿಡೀಲಿಲ್ಲ. ಅದೇ ಕಾಲತನಕ ಬಂತು, ಅದೇ ವಾಪಸ್ ಹೋಯ್ತು, ಮತ್ತೆ ಬಂತು."

ಹುಟ್ಟುಗುಣ ಬಿಡಬೇಕಲ್ಲ. "ಎಷ್ಟೊತ್ತು ಬರ್ತದಂತೆ?" ಎಂದುಬಿಟ್ಟೆ.

"ಇಪ್ಪತ್ನಾಲ್ಕು ಗಂಟೆನೂ ಬರ್ತದೆ ಯಜಮಾನ್ರೇ" ಎಂದಳು ನಾಗರತ್ನ.

ನಂಬುವುದಿಲ್ಲ ಎನ್ನೋಣವೆಂದರೆ ಅವಳ ಸೀರೆಯ ಅಂಚು ಇನ್ನೂ ಒದ್ದೆಯಾಗಿತ್ತು. ಅವಳು ನಾನು ತುಂಬಿಸಿಟ್ಟ ಬಕೆಟ್ಟಿನಿಂದ ಎರಡು ಚೊಂಬು ಮೊಗೆದು ಕಾಲಿನ ಮರಳು ತೊಳೆದುಕೊಂಡಳು. ಮಿಕ್ಕ ನೀರೆಲ್ಲ ಹಾಗೇ ಉಳಿಯಿತು. ಆ ಸಂಜೆಯೇ ನಮ್ಮ ವಿಮಾನವಿತ್ತು.