ನಮ್ಮ ಟೋಳಿಯ ಹುಡುಗಿ ಬಿ.ಎಸ್ಸಿ. ಮಾಡಿದ್ದು

ವಿಶ್ವವಿದ್ಯಾಲಯವೆಂದರೆ ಪಾಠ, ಪರೀಕ್ಷೆ, ಪದವಿ ಇಷ್ಟೇ ಎಂದುಕೊಂಡವರು ಒಂದು ದಿನ ನನ್ನ ಕುರ್ಚಿಯಲ್ಲಿ ಕೂತು ನೋಡಬೇಕು. ಸಂಜೆಯೊಳಗೆ ನಾಲ್ಕು ಜನರಿಗೆ ಹೇಳಿ ನಗುವಂಥದ್ದು ಒಂದಾದರೂ ಆಗಿರುತ್ತದೆ. ಛತ್ರಪತಿ ಸಂಭಾಜಿನಗರದ ಒಂದು ಸರಕಾರಿ ವಿಶ್ವವಿದ್ಯಾಲಯದಲ್ಲಿ ನಾನು ವಿದ್ಯಾರ್ಥಿ ಸಹಾಯ ಕೇಂದ್ರ ನೋಡಿಕೊಳ್ಳುತ್ತೇನೆ. ಸೇರಿದ ಮಕ್ಕಳು ನಡುವೆಯೇ ಓದು ಬಿಟ್ಟು ಹೋಗದಂತೆ ಕಾಯುವುದು ನನ್ನ ಕೆಲಸ. ಮೂಲತಃ ಕಲಬುರಗಿ ಕಡೆಯವನು, ಸ್ವಭಾವದಲ್ಲಿ ಪುಕ್ಕಲ. ಫೋನ್ ರಿಂಗಣಿಸಿದರೆ ಸಾಕು, ಯಾರೋ ಕಾಲೇಜು ಬಿಟ್ಟರು ಎಂದು ಎದೆ ಡವಗುಟ್ಟುತ್ತದೆ. ಆಮೇಲೆ ನೋಡಿದರೆ ಏನೂ ಆಗಿರುವುದಿಲ್ಲ.

ಈಗ ಹೇಳುವುದೆಲ್ಲ ಒಬ್ಬಳೇ ಹುಡುಗಿಯಿಂದ ಆದದ್ದು. ಯಾದಗಿರಿ ಕಡೆಯ ಸೆಂಟ್ರಿಂಗ್ ಕೆಲಸದ ಟೋಳಿಯೊಂದು ನಮ್ಮ ಆವರಣದಲ್ಲೇ ಹುಡುಗಿಯರ ಹಾಸ್ಟೆಲ್ ಕಟ್ಟುತ್ತಿತ್ತು. ಟೋಳಿ ಎಂದರೆ ಒಂದೇ ಊರಿನ, ಒಟ್ಟಿಗೆ ದುಡಿಯುವ ಗುಂಪು. ಕಟ್ಟಡದ ಹಿಂದೆ ತಗಡಿನ ಶೆಡ್ಡುಗಳಲ್ಲಿ ಅವರ ಸಂಸಾರ. ಅವರಲ್ಲೊಬ್ಬನ ಮಗಳು ನಮ್ಮಲ್ಲೇ ಬಿ.ಎಸ್ಸಿ. ಸಸ್ಯಶಾಸ್ತ್ರ ಓದುತ್ತಿದ್ದಳು. ಒಂದು ಕಟ್ಟಡ ಮುಗಿದರೆ ಊರು ಬದಲು, ಊರು ಬದಲಾದರೆ ಶಾಲೆ ಬದಲು. ಹಾಗೆ ಬೆಳೆದ ಹುಡುಗಿ. ಟೋಳಿಗೆ ಮುಂದಿನ ಕೆಲಸ ನಾಸಿಕ್‌ನಲ್ಲಿ ಕಾದಿತ್ತು. ಹಾಸ್ಟೆಲ್ ಮೊದಲು ಮುಗಿಯುತ್ತದೋ ಅವಳ ಡಿಗ್ರಿ ಮೊದಲು ಮುಗಿಯುತ್ತದೋ ಎಂಬ ಚಿಂತೆ ನನಗೆ ಹತ್ತಿಕೊಂಡಿತು. ವಿಶ್ವವಿದ್ಯಾಲಯದ ಕಟ್ಟಡ ಬೇಗ ಮುಗಿಯದಿರಲಿ ಎಂದು ಹರಕೆ ಹೊತ್ತ ನೌಕರ ಬಹುಶಃ ನಾನೊಬ್ಬನೇ.

ಪಾಲಕರು ಬಂದರು

ಪಾಲಕರ ಸಭೆಗೆ ಅವಳ ಮನೆಯವರನ್ನೂ ಕರೆದಿದ್ದೆವು. ಬಂದವರನ್ನು ನೋಡಿ ಜವಾನ ಓಡಿಬಂದ. "ಸರ್, ಮೋರ್ಚಾ ಬಂದಿದೆ!"

ಹೊರಗೆ ಹೋಗಿ ನೋಡಿದರೆ ಪ್ರತಿಭಟನೆಯ ಮೋರ್ಚಾ ಅಲ್ಲ, ಇಡೀ ಟೋಳಿ. ಗಂಡಸರು ಒಗೆದ ಅಂಗಿ ಹಾಕಿ, ಹೆಂಗಸರು ತಲೆತುಂಬ ಸೆರಗು ಹೊದ್ದು, ಮುಂದೆ ಟೋಳಿಯ ಯಜಮಾನ ಮುಕಾದಮ. ಸಭಾಂಗಣದಲ್ಲಿ ಉಳಿದ ಪಾಲಕರಿಗೆ ಕುರ್ಚಿಯೇ ಉಳಿಯಲಿಲ್ಲ.

ವಿಭಾಗದ ಮುಖ್ಯಸ್ಥರು ಮರಾಠಿಯಲ್ಲಿ, "ಈ ಹುಡುಗಿಯ ಪಾಲಕರು ಯಾರು? ಎದ್ದು ನಿಲ್ಲಿ" ಎಂದರು. ಟೋಳಿಯೇ ಎದ್ದು ನಿಂತಿತು.

"ಎಲ್ಲರೂ ಅಲ್ಲ. ತಂದೆ ಯಾರು?"

ಅವಳ ಅಪ್ಪ ಮುಕಾದಮನ ಮುಖ ನೋಡಿದ. ಮುಕಾದಮ ನನ್ನ ಕಡೆ ತಿರುಗಿದ. "ಸರ, ನಮ್ಮಾಗ ಒಬ್ಬೊಬ್ಬರು ಮಾತು ಕೊಡಂಗಿಲ್ರಿ. ಅಕಿ ಟೋಳಿ ಹುಡುಗಿ. ಓದ್ಸೋದಾದ್ರ ಎಲ್ಲಾರೂ ಓದಸ್ತೀವಿ. ಅಕಿ ತಪ್ಪು ಮಾಡಿದ್ರ ಬೈಯಾಕಂತ ಕರ್ದಿದ್ರ ಎಲ್ಲಾರಿಗೂ ಒಮ್ಮೆಲೇ ಬೈದು ಕಳಸ್ರಿ, ಕೆಲಸ ನಿಂತೈತಿ."

ನಾನು ಅದನ್ನು ಮರಾಠಿಗೆ ತಿರುಗಿಸಿ ಹೇಳಿದೆ. ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿಕೊಂಡರು. ಹುಡುಗಿ ಚೆನ್ನಾಗಿ ಓದುತ್ತಾಳೆಂದು ಹೊಗಳಲು ಅವರು ಕರೆಸಿದ್ದರು. ಇಷ್ಟು ಜನರನ್ನು ಒಮ್ಮೆಲೇ ಹೊಗಳುವ ಅಭ್ಯಾಸ ಅವರಿಗಿರಲಿಲ್ಲ.

ಸಮುದಾಯ ಸಂಪರ್ಕ

ವಿಶ್ವವಿದ್ಯಾಲಯ ಸುತ್ತಲಿನ ಜನರ ಜೊತೆ ಬೆರೆಯಬೇಕೆಂದು ಮೇಲಿನಿಂದ ಸೂಚನೆ ಬಂತು. ದೂರದ ಹಳ್ಳಿಗೆ ಹೋಗಲು ಬಸ್ಸು ಸಿಗಲಿಲ್ಲ. ಹಾಗಾಗಿ ಹಿಂದಿನ ಶೆಡ್ಡುಗಳಿಗೇ ಹೋಗಿ ಮನೆಮನೆ ವಿಚಾರಿಸಿ ಬರುವುದೆಂದು ತೀರ್ಮಾನವಾಯಿತು. ಆ ತಂಡದಲ್ಲಿ ನಮ್ಮ ಹುಡುಗಿಯೂ ಇದ್ದಳು. ತಾನು ಅಲ್ಲೇ ಇರುವುದೆಂದು ಅವಳು ಗೆಳತಿಯರಿಗೆ ಹೇಳಿರಲಿಲ್ಲ. ಅದು ನನಗೆ ಗೊತ್ತಾದದ್ದು ಅರ್ಧ ದಾರಿಯಲ್ಲಿ, ಅವಳ ಮುಖ ಬಿಳಿಚಿಕೊಂಡದ್ದು ನೋಡಿದಾಗ. ನಾಳೆಯಿಂದ ಈ ಹುಡುಗಿ ನಾಚಿಕೆಪಟ್ಟು ಕಾಲೇಜಿಗೇ ಬರಲಿಕ್ಕಿಲ್ಲ ಎಂದು ನಾನು ಆಗಲೇ ಲೆಕ್ಕ ಹಾಕಿಬಿಟ್ಟೆ.

ಅವಳ ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಮಗಳು ಬಾಗಿಲಲ್ಲಿ ನೆಲ ನೋಡುತ್ತ ನಿಂತಿದ್ದು ಕಂಡಿತು. ಆ ತಾಯಿಗೆ ಎಲ್ಲ ಒಂದೇ ಕ್ಷಣದಲ್ಲಿ ಅರ್ಥವಾಯಿತು. ಗುರುತಿಲ್ಲದವರಂತೆ, "ಬರ್ರಿ, ಯಾರ್ ಬೇಕ್ರಿ?" ಎಂದಳು.

ಗೆಳತಿಯೊಬ್ಬಳು ಹಿಂದಿಯಲ್ಲಿ ಕೇಳಿದಳು: "ನಿಮ್ಮ ಮನೆಯಲ್ಲಿ ಕಾಲೇಜಿಗೆ ಹೋಗುವವರು ಯಾರಾದರೂ ಇದ್ದಾರಾ?" ನಾನು ಅದನ್ನು ಕನ್ನಡದಲ್ಲಿ ಹೇಳಿದೆ.

ಅವ್ವ ರೊಟ್ಟಿ ತಿರುವಿ ಹಾಕಿದಳು. "ಒಬ್ಬಾಕಿ ಅದಾಳ್ರಿ. ಮುಂಜಾನೆ ಭಾಂಡೆ ತಿಕ್ಕೋದು ಬಿಟ್ಟು ಓಡಿಹೋಗ್ಯಾಳ. ನಿಮಗ ಎಲ್ಲ್ಯರ ಸಿಕ್ರ ಮನಿಗೆ ಕಳಸ್ರಿ."

ಹುಡುಗಿಗೆ ನಗು ತಡೆಯಲಾಗಲಿಲ್ಲ. "ಹೀ ಮಾಝೀ ಆಯಿ ಆಹೆ" ಎಂದಳು, ಇವಳೇ ನನ್ನ ಅವ್ವ ಎಂದು. ಎಲ್ಲರೂ ಒಳಗೆ ನುಗ್ಗಿ ಕೂತು ರೊಟ್ಟಿ ತಿಂದರು. ಸಮುದಾಯ ಸಂಪರ್ಕ ಎಷ್ಟು ಗಟ್ಟಿಯಾಯಿತೆಂದರೆ ಉಳಿದ ಶೆಡ್ಡುಗಳಿಗೆ ಹೋಗಲು ಯಾರೂ ಏಳಲಿಲ್ಲ. ಪಾತ್ರೆ ಭಾಂಡೆಯನ್ನು ಅವತ್ತು ಇಡೀ ತಂಡ ತಿಕ್ಕಿತು.

ಕಾಶ್ಮೀರದ ಈರುಳ್ಳಿ

ನಮ್ಮಲ್ಲಿ ಎಷ್ಟು ಪ್ರಾಂತಗಳ ಮಕ್ಕಳಿದ್ದಾರೆಂದು ನೋಡಲು ಹೊರಗಿನಿಂದ ತಜ್ಞರ ಸಮಿತಿ ಬರುವುದಿತ್ತು. ಒಂದೊಂದು ರಾಜ್ಯದ ಉಡುಪಿನಲ್ಲಿ ಒಬ್ಬೊಬ್ಬರನ್ನು ನಿಲ್ಲಿಸಬೇಕೆಂದು ಆಜ್ಞೆಯಾಯಿತು. ಕರ್ನಾಟಕಕ್ಕೆ ನಮ್ಮ ಹುಡುಗಿ, ಅವ್ವನ ಇಳಕಲ್ ಸೀರೆಯಲ್ಲಿ. ಕಾಶ್ಮೀರಕ್ಕೆ ನಿಜವಾದ ಕಾಶ್ಮೀರಿ ಹುಡುಗನೇ ಇದ್ದ. ಆದರೆ ಅವನು ಸರಿಯಾಗಿ ಅವತ್ತೇ ಗೆಳೆಯರ ಜೊತೆ ಖುಲ್ತಾಬಾದ್‌ಗೆ ಹೋಗಿ ಕೂತಿದ್ದ. ಅವನ ಉದ್ದನೆಯ ನಿಲುವಂಗಿಯನ್ನು ನಾಸಿಕ್ ಬಳಿಯ ಚಾಂದವಡ್‌ನ ರೈತರ ಮಗನೊಬ್ಬನಿಗೆ ತೊಡಿಸಿ ನಿಲ್ಲಿಸಿದೆವು. ಬಾಯಿ ಬಿಡಬೇಡ ಎಂದು ಕೈಮುಗಿದು ಹೇಳಿದ್ದೆ.

ಸಮಿತಿಯ ಹಿರಿಯರು ಮೊದಲು ನಮ್ಮ ಹುಡುಗಿಯ ಮುಂದೆ ನಿಂತರು. "ನಿಮ್ಮ ಕಡೆಯ ವಿಶೇಷ ಏನಮ್ಮ?" ಕರ್ನಾಟಕವನ್ನು ಅವಳು ಕಂಡದ್ದು ಬಂಧುಗಳ ಮದುವೆಗೆ ಹೋದಾಗ ಮಾತ್ರ. ಕನ್ನಡ ತಿಳಿಯುತ್ತದೆ, ಮಾತು ಬಂದರೆ ಮರಾಠಿಯೇ ಬರುತ್ತದೆ. ಅವಳು ಕಿಟಕಿಯ ಹೊರಗೆ ಬೆರಳು ತೋರಿಸಿ, "ಆ ಹಾಸ್ಟೆಲ್ ಸರ್. ನಮ್ಮ ಕಡೆಯವರೇ ಕಟ್ಟುತ್ತಿದ್ದಾರೆ, ನಮ್ಮಪ್ಪನೂ ಇದ್ದಾನೆ" ಎಂದಳು. ಹಿರಿಯರಿಗೆ ಖುಷಿಯಾಯಿತು. ನಾನು ಉಸಿರು ಬಿಟ್ಟೆ.

ಬಿಟ್ಟದ್ದೇ ತಪ್ಪಾಯಿತು. ಅವರು ಕಾಶ್ಮೀರದ ಮುಂದೆ ನಿಂತು, "ನಿಮ್ಮಲ್ಲಿ ಏನು ಬೆಳೆಯುತ್ತಾರಪ್ಪ?" ಎಂದರು.

"ಕಾಂದಾ" ಎಂದ ಹುಡುಗ. ಈರುಳ್ಳಿ.

ನಾನು ಗೋಡೆಗೆ ಒರಗಿದೆ. ಹಿರಿಯರು ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಅವನ ಹತ್ತಿರ ಬಾಗಿ ಮೆತ್ತಗೆ ಕೇಳಿದರು. "ಈ ಸಲ ಮಳೆಗೆ ಕೊಳೆಯಿತಾ?" ಅವರೂ ಈರುಳ್ಳಿ ಬೆಳೆಯುವ ಮನೆತನದವರೇ ಆಗಿದ್ದರು. ಉಳಿದ ರಾಜ್ಯಗಳೆಲ್ಲ ನಿಂತೇ ಇದ್ದವು, ಇವರಿಬ್ಬರು ಬೆಂಚಿನ ಮೇಲೆ ಕೂತು ಗೊಬ್ಬರದ ಮಾತಿಗಿಳಿದರು. ವೈವಿಧ್ಯಕ್ಕೆ ನಮಗೆ ಒಳ್ಳೆಯ ಅಂಕ ಬಂತು. ಯಾವ ರಾಜ್ಯದ ಲೆಕ್ಕದಲ್ಲಿ ಎಂದು ನಾನು ಕೇಳಲು ಹೋಗಲಿಲ್ಲ.

ಹಾಲು ಉಕ್ಕಿತು

ನನ್ನ ಹರಕೆ ಫಲಿಸಲಿಲ್ಲ. ಅವಳ ಕೊನೆಯ ಪರೀಕ್ಷೆಗೆ ಇನ್ನೂ ಕೆಲ ತಿಂಗಳಿರುವಾಗಲೇ ಹಾಸ್ಟೆಲ್ ಮುಗಿದುಹೋಯಿತು. ಟೋಳಿ ನಾಸಿಕ್‌ಗೆ ಹೊರಟು ನಿಂತಿತು. ಹುಡುಗಿ ಉಳಿಯಬೇಕೆಂದರೆ ಒಂದು ಕೋಣೆ ಬೇಕು. ಕೋಣೆಗಳೇನೋ ಎದುರಿಗೇ ಸಾಲಾಗಿ ಇದ್ದವು; ಆದರೆ ಉದ್ಘಾಟನೆಗೆ ಬರಬೇಕಾದ ಗಣ್ಯರಿಗೆ ಪುರುಸೊತ್ತಿರಲಿಲ್ಲ. ಅಲ್ಲಿಯವರೆಗೆ ಬೀಗ. ಅಪ್ಪ ಕಟ್ಟಿದ ಹಾಸ್ಟೆಲಿನಲ್ಲಿ ಮಗಳಿಗೆ ಜಾಗವಿಲ್ಲ ಎಂದು ನನಗೆ ಹೊಟ್ಟೆಯುರಿ.

ಹೊರಡುವ ಮುಂಜಾನೆ ಅವ್ವ ಒಂದು ಪಾತ್ರೆ ಹಾಲು ಹಿಡಿದು ಹಾಸ್ಟೆಲಿನ ವಾರ್ಡನ್ ಬಾಯಿಯವರ ಹತ್ತಿರ ಬಂದಳು. ಯಾವ ಮನೆ ಕಟ್ಟಿದರೂ ಒಳಗೆ ಹಾಲು ಉಕ್ಕಿಸದೆ ಅವರ ಟೋಳಿ ಊರು ಬಿಡುವುದಿಲ್ಲವಂತೆ. ಅದಕ್ಕೇನಂತೆ ಎಂದು ವಾರ್ಡನ್ ಬೀಗ ತೆಗೆದರು. ಮೊದಲನೆಯ ಕೋಣೆಯಲ್ಲಿ ಮೂರು ಇಟ್ಟಿಗೆ ಇಟ್ಟು ಒಲೆ ಹೂಡಿದರು. ಹಾಲು ಉಕ್ಕಿತು, ತೆಂಗಿನಕಾಯಿ ಒಡೆಯಿತು. ವಾರ್ಡನ್ ಕುಂಕುಮ ಹಚ್ಚಿಸಿಕೊಂಡು ಮತ್ತೆ ಬೀಗ ಹಾಕಲು ಹೋದರು.

ಅವ್ವ ಕೈ ಅಡ್ಡ ಹಿಡಿದಳು. "ಹಾಲು ಉಕ್ಕಿದ ಮನಿಗೆ ಕೀಲಿ ಹಾಕಬಾರದವ್ವ. ಸಂಜಿಗೆ ದೀಪ ಹಚ್ಚಾಕ ಒಂದು ಹೆಣ್ಮಗಳು ಒಳಗ ಇರಬೇಕು."

ನಾನು ಅದನ್ನು ಮರಾಠಿಯಲ್ಲಿ ಹೇಳುತ್ತಲೇ ವಾರ್ಡನ್ ಕೈಯಲ್ಲಿ ಬೀಗ ಹಾಗೇ ಉಳಿಯಿತು. ಆಕೆಗೆ ಹೆದರದ ಕುಲಸಚಿವರಿಲ್ಲ, ಆಕೆ ಜಗಳವಾಡದ ಅಧಿಕಾರಿಯಿಲ್ಲ. ಆದರೆ ಉಕ್ಕಿದ ಹಾಲಿಗೆ ಎದುರು ನಿಲ್ಲುವ ಧೈರ್ಯ ಆಕೆಗೂ ಇರಲಿಲ್ಲ. ಆಕೆಯ ಮನೆಯಲ್ಲೂ ಅದೇ ಪದ್ಧತಿ. ದೀಪ ಹಚ್ಚಲೆಂದು ನಮ್ಮ ಹುಡುಗಿ ಉಳಿದಳು. ಒಬ್ಬಳೇ ಹೇಗಿದ್ದಾಳು ಎಂದು ಜೊತೆಗೆ ಇನ್ನಷ್ಟು ಹುಡುಗಿಯರು ಬಂದರು. ವಾರದೊಳಗೆ ಹಾಸ್ಟೆಲ್ ತುಂಬಿತು.

ಆಮೇಲೊಂದು ದಿನ ಗಣ್ಯರು ಬಂದೇಬಿಟ್ಟರು. ಹುಡುಗಿಯರನ್ನೆಲ್ಲ ಅವಸರದಲ್ಲಿ ಹಿಂಬಾಗಿಲಿಂದ ಒಳಗೆ ಕಳಿಸಿ, ಇವತ್ತೇ ಬಂದವರಂತೆ ಇರಿ ಎಂದು ತಾಕೀತು ಮಾಡಿದೆವು. ಗಣ್ಯರು ರಿಬ್ಬನ್ ಕತ್ತರಿಸಿ, ಮೊದಲ ಕೋಣೆಯ ಬಾಗಿಲು ತಳ್ಳಿ, "ಬಾ ಮಗಳೇ, ನಿನ್ನ ಹೊಸ ಕೋಣೆ ನೋಡು" ಎಂದರು.

ಒಳಗಿದ್ದ ನಮ್ಮ ಹುಡುಗಿ ಗಾಬರಿಯಲ್ಲಿ ಎಲ್ಲ ಮರೆತಳು. "ಬನ್ನಿ ಸರ್, ಚಪ್ಪಲಿ ಹೊರಗೆ ಬಿಡಿ, ಈಗಷ್ಟೇ ಒರೆಸಿದ್ದೇನೆ" ಎಂದಳು. ಗಣ್ಯರು ಬಿಟ್ಟರು. ಹಿಂದಿದ್ದ ಪರಿವಾರವೆಲ್ಲ ಸಾಲಾಗಿ ಬಿಟ್ಟಿತು.

ಬದಲಿ

ಕೊನೆಯದು ಪ್ರಾಯೋಗಿಕ ಪರೀಕ್ಷೆ. ಅದೊಂದು ತಪ್ಪಿದರೆ ಇಡೀ ವರ್ಷ ಹೋದಂತೆ. ಮತ್ತೆ ಒಂದು ವರ್ಷ ಮಗಳನ್ನು ದೂರ ಬಿಟ್ಟಿರಲು ಅಪ್ಪ ಒಪ್ಪುವುದಿಲ್ಲವೆಂದು ನನಗೆ ಗೊತ್ತಿತ್ತು. ಪರೀಕ್ಷೆಯ ಮುಂಚೆ ಹುಡುಗಿ ಅವ್ವನನ್ನು ನೋಡಲು ನಾಸಿಕ್‌ಗೆ ಹೋಗಿದ್ದಳು. ಬರುವಾಗ, ಕೊನೆಯ ಪರೀಕ್ಷೆಗೆ ಮನೆಯವರೊಬ್ಬರಾದರೂ ಇರಬೇಕೆಂದು ಅವ್ವನೂ ಜೊತೆಗೆ ಹೊರಟಳು. ಮನ್ಮಾಡ್‌ನಲ್ಲಿ ಹುಡುಗಿ ನೀರು ತುಂಬಿಕೊಳ್ಳಲು ಇಳಿದಳು. ರೈಲು ಹೊರಟುಬಿಟ್ಟಿತು. ಅವ್ವ ಚೀಲದ ಸಮೇತ ಒಳಗೆ, ಪರೀಕ್ಷೆ ಬರೆಯುವವಳು ಬಾಟಲಿ ಹಿಡಿದು ಪ್ಲಾಟ್‌ಫಾರ್ಮಿನ ಮೇಲೆ.

ಇದ್ಯಾವುದೂ ಗೊತ್ತಿಲ್ಲದ ನನಗೆ ಪ್ರಯೋಗಾಲಯದಿಂದ ಫೋನ್ ಬಂತು: "ಸರ್, ಬೇಗ ಬನ್ನಿ, ಇಲ್ಲೊಬ್ಬರು ಬಂದು ಕೂತಿದ್ದಾರೆ."

ಓಡಿಹೋದೆ. ಹೊರಗಿನಿಂದ ಬಂದ ಹಿರಿಯ ಪರೀಕ್ಷಕರು ಎದ್ದು ನಿಂತಿದ್ದರು. ಎದುರಿನ ಸ್ಟೂಲಿನ ಮೇಲೆ ಅವ್ವ ನೆಟ್ಟಗೆ ಕೂತಿದ್ದಳು. ಸೀರೆಯ ಮೇಲೆ ಮಗಳ ಬಿಳಿ ಏಪ್ರನ್, ಮುಂದೆ ಮಗಳ ಪ್ರಯೋಗದ ಜರ್ನಲ್ ಪುಸ್ತಕ. ಏಪ್ರನ್ ನೋಡಿ ಇನ್ನೊಬ್ಬ ಪರೀಕ್ಷಕರೇ ಬಂದರೆಂದು ತಿಳಿದು ಅವರು ಎದ್ದು ನಮಸ್ಕಾರ ಮಾಡಿ ಕೂರಿಸಿದ್ದರಂತೆ.

"ಏನವ್ವ ಇದು?" ಎಂದೆ.

"ಬದಲಿ ಬಂದೀನ್ರಿ ಸರ" ಎಂದಳು ಅವ್ವ, ಇದರಲ್ಲಿ ಕೇಳುವುದೇನಿದೆ ಎಂಬಂತೆ. "ಸೈಟಿನ್ಯಾಗ ಒಬ್ಬರಿಗೆ ಬರಾಕ ಆಗಲಿಲ್ಲಂದ್ರ ಮನ್ಯಾಗಿನ ಇನ್ನೊಬ್ಬರು ಹೋಗಿ ನಿಂದರಬೇಕ್ರಿ. ಇಲ್ಲಾಂದ್ರ ಹಾಜರಿ ಹೋಗತೈತಿ. ಅಕಿ ಹಿಂದಿನ ಗಾಡಿ ಹತ್ಯಾಳ, ಬರ್ತಾಳ. ಅಲ್ಲಿತನಾ ನಾ ಕುಂದರತೀನಿ."

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಪರೀಕ್ಷಕರಿಗೆ ಮರಾಠಿಯಲ್ಲಿ ವಿವರಿಸಿದೆ. ಅವರು ಗಂಭೀರವಾಗಿ, "ಸರದಿ ಬಂದಾಗ ವಿದ್ಯಾರ್ಥಿ ಇರಲೇಬೇಕು, ಉಳಿದವರದೆಲ್ಲ ಮುಗಿದಿದೆ, ನಾನು ಬರಿದೇ ಎಷ್ಟು ಹೊತ್ತು ಕೂತಿರಲಿ?" ಎಂದರು. ಅದನ್ನೇ ಅವ್ವನಿಗೆ ಹೇಳಿದೆ.

ಅವ್ವ ಪರೀಕ್ಷಕರ ಮುಖವನ್ನು ಕನಿಕರದಿಂದ ನೋಡಿದಳು. "ಹೌದ್ ಬಿಡ್ರಿ, ಮುಂಜಾನಿಂದ ಕುಂತು ಮಾರಿ ಬಾಡೇತಿ. ಅವರಿಗೂ ಒಂದು ಬದಲಿ ಕೊಡ್ರಲ್ಲ. ಅವರ ಜಾಗಾಕ ನೀವು ಕುಂದರ್ರಿ, ಅವರು ಹೋಗಿ ಚಾ ಕುಡದ ಬರ್ಲಿ."

ಹೇಳಲೋ ಬೇಡವೋ ಎಂದು ಅಳುಕುತ್ತಲೇ ಇದನ್ನೂ ಮರಾಠಿಗೆ ತಿರುಗಿಸಿದೆ. ಪರೀಕ್ಷಕರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಸಂಜೆಯವರೆಗೆ ಅವಧಿ ಇದೆ, ಅಲ್ಲಿಯವರೆಗೆ ಅವಳಿಗಾಗಿ ಕಾಯೋಣ" ಎನ್ನುತ್ತ ಎದ್ದು, ನನ್ನ ಭುಜ ತಟ್ಟಿ, ತಮ್ಮ ಕುರ್ಚಿಯಲ್ಲಿ ನನ್ನನ್ನು ಕೂರಿಸಿ ಚಹಾಕ್ಕೆ ಹೋದರು.

ಈಗ ಆ ಕಡೆ ಬದಲಿ ವಿದ್ಯಾರ್ಥಿನಿ, ಈ ಕಡೆ ಬದಲಿ ಪರೀಕ್ಷಕ. ನಡುವೆ ಸೂಕ್ಷ್ಮದರ್ಶಕ.

"ಏನರ ಕೇಳ್ರಿ ಸರ" ಎಂದಳು ಅವ್ವ. "ಸುಮ್ಮ ಕುಂತ್ರ ಕೆಲಸ ನಡದಂಗ ಕಾಣಂಗಿಲ್ಲ."

ಏನು ಕೇಳಲಿ? "ಊಟ ಆತೇನ್ರಿ?" ಎಂದೆ. ಇಲ್ಲ ಎಂದಳು. ನನ್ನದೂ ಆಗಿರಲಿಲ್ಲ. ಮಗಳ ಚೀಲದಿಂದ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದಳು. ಇಬ್ಬರೂ ತಿನ್ನುತ್ತಿರುವಾಗ ಹುಡುಗಿ ಏದುಸಿರು ಬಿಡುತ್ತ ಬಾಗಿಲಲ್ಲಿ ಬಂದು ನಿಂತಳು. ಕೈಯಲ್ಲಿ ನೀರಿನ ಬಾಟಲಿ ಹಾಗೇ ಇತ್ತು. ಅವಳನ್ನು ಕಂಡದ್ದೇ ನನಗೆ ಹೋದ ಜೀವ ಬಂದಂತಾಯಿತು.

ಪರೀಕ್ಷಕರು ಮರಳಿ ಬಂದರು. ಮಾಡಬೇಕಾದ ಪ್ರಯೋಗವನ್ನೆಲ್ಲ ಅವಳಿಂದ ಮಾಡಿಸಿದರು, ಕೇಳಬೇಕಾದ್ದನ್ನೆಲ್ಲ ಕೇಳಿದರು, ಯಾವ ರಿಯಾಯಿತಿಯನ್ನೂ ಕೊಡಲಿಲ್ಲ. ಹುಡುಗಿ ಒಂದಕ್ಕೂ ತಡವರಿಸಲಿಲ್ಲ. ಫಲಿತಾಂಶ ಬಂದದ್ದು ಆಮೇಲೆ, ಒಳ್ಳೆಯ ದರ್ಜೆಯಲ್ಲೇ ಬಂತು. ಆದರೆ ನಾನು ನೆಮ್ಮದಿಯಿಂದ ಉಸಿರಾಡಿದ್ದು ಆ ಸಂಜೆಯೇ.

ಹೊರಡುವಾಗ ಪರೀಕ್ಷಕರು ಅವ್ವನಿಗೆ ಕೈಮುಗಿದರು. "ಬಾಯಿ, ವಿಶ್ವವಿದ್ಯಾಲಯಕ್ಕೆ ವಯಸ್ಸಿನ ಅಡ್ಡಿಯಿಲ್ಲ. ಬದಲಿಗೆ ಯಾಕೆ ಬರುತ್ತೀರಿ? ಮುಂದಿನ ವರ್ಷ ನೀವೇ ಸೇರಿಕೊಳ್ಳಿ" ಎಂದರು. ನಾನು ಕನ್ನಡದಲ್ಲಿ ಹೇಳಿದೆ.

ಅವ್ವ ಏಪ್ರನ್ ಮಡಿಸುತ್ತ ನಿಜವಾಗಿಯೂ ಯೋಚಿಸಿದಳು.

"ಸೇರ್ತೀನಂತ ಹೇಳ್ರಿ" ಎಂದಳು. "ಆದ್ರ ಪರೀಕ್ಷಾಕ ಮಾತ್ರ ಇಕಿನ್ನ ಬದಲಿ ಕಳಸ್ತೀನಿ."