ಹತ್ತು ನಿಮಿಷಕ್ಕೆ ಸಾಯುವ ನಟರೂ ಕೆಳಮನೆಯ ಅಜ್ಜಿಯೂ

ನಾಟಕದವರ ಸಹವಾಸ ಮಾಡಿದರೆ ವಾರಕ್ಕೊಂದು ಏನಾದರೂ ಆಗುತ್ತಲೇ ಇರುತ್ತದೆ, ನಾವು ಕಾಯಬೇಕಾಗಿಲ್ಲ.

ಬೆಂಗಳೂರಿನಲ್ಲಿ ನಾನು ಪಿಯುಸಿ ಮಕ್ಕಳಿಗೆ ಫ್ರೆಂಚ್ ಹೇಳಿಕೊಡುತ್ತಿದ್ದೆ. ಅವರು ಅದನ್ನು ತಗೊಳ್ಳುತ್ತಿದ್ದುದೇ ಮಾರ್ಕ್ಸ್ ಬರುತ್ತೆ ಅಂತ. ನಿಜವಾದ ಫ್ರೆಂಚರನ್ನು ಅವರೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಮದುವೆಯಾಗಿ ಟೋಕಿಯೋದ ಫುನಾಬೊರಿಗೆ ಬಂದು ಹತ್ತು ವರ್ಷವಾದ ಮೇಲೆ, ಕೊರೊನಾ ಕಾಲದಲ್ಲಿ ಒಬ್ಬರು ಸಿಕ್ಕರು. ಎಪ್ಪತ್ತರ ಹತ್ತಿರದ ನಟ. ಒಂದು ತಿಂಗಳ ನಾಟಕಕ್ಕೆ ಬಂದವರು, ಥಿಯೇಟರ್ ಮುಚ್ಚಿ, ವಿಮಾನ ನಿಂತು, ನಮ್ಮ ಪಕ್ಕದ ಬೀದಿಯಲ್ಲೇ ಉಳಿದುಬಿಟ್ಟಿದ್ದರು. ಅವರಿಗೆ ಜಪಾನೀಸ್ ಬಾರದು. ಹಾಗಾಗಿ ನಾನು ಸಹಾಯಕಿಯಾದೆ.

1. ಪೂರ್ತಿ ಸಿನಿಮಾ

ರಂಗದ ಮೇಲೆ ನಲವತ್ತು ವರ್ಷ ಜನರನ್ನು ನಗಿಸಿದ ಮನುಷ್ಯ. ಸಿನಿಮಾದವರು ಮಾತ್ರ ಕರೆದಾಗಲೆಲ್ಲ ಹತ್ತೇ ನಿಮಿಷಕ್ಕೆ ಸಾಯಿಸುತ್ತಿದ್ದರಂತೆ. ಗುಂಡೇಟು, ವಿಷ, ಒಂದು ಸಲ ಕುದುರೆ ಒದ್ದು.

"ಒಂದರಲ್ಲೂ ಕೊನೇವರೆಗೆ ಇರಲಿಲ್ವಾ?" ಅಂದೆ.

"ಒಂದರಲ್ಲಿ ಇದ್ದೆ. ಮೊದಲಿಂದ ಕೊನೇವರೆಗೂ."

"ಹೀರೋನಾ?"

"ಹೆಣ. ನನ್ನನ್ನ ಕೊಂದೋರು ಯಾರು ಅನ್ನೋದೇ ಕಥೆ."

2. ಕಿತ್ತಳೆ ಹಣ್ಣು

ಎರಡು ವರ್ಷದ ಮೇಲೆ ಒಂದು ಸಣ್ಣ ಹಾಲ್ ಸಿಕ್ಕಿತು. ಒಂದೇ ಪ್ರದರ್ಶನ. ಗಂಡ ಹೆಂಡತಿ ಜಗಳದ ಹಾಸ್ಯ, ಎರಡೂ ಪಾತ್ರ ಇವರದೇ. ಅಭ್ಯಾಸವೆಲ್ಲ ಮನೆಯಲ್ಲೇ, ಗಂಟಲು ಹರಿಯುವ ಹಾಗೆ.

ಇಲ್ಲಿ ಗಲಾಟೆ ಮಾಡಿದರೆ ಅಕ್ಕಪಕ್ಕದವರು ಬಂದು ಬಾಗಿಲು ಬಡಿಯುವುದಿಲ್ಲ, ಚೀಟಿ ಬರುತ್ತದೆ. ನಾಲ್ಕನೇ ದಿನ ಅವರ ಬಾಗಿಲ ಹಿಡಿಗೆ ಒಂದು ಚೀಲ ಕಿತ್ತಳೆ ನೇತಾಡುತ್ತಿತ್ತು. ಜೊತೆಗಿದ್ದ ಚೀಟಿಯನ್ನು ನಾನು ಓದಿ ಹೇಳಿದೆ: "ಕೆಳಮನೆಯ ಮುದುಕಿ ನಾನು. ಕೇಳಿಸಿಬಿಟ್ಟಿತು, ಕ್ಷಮಿಸಿ. ಭಾಷೆ ತಿಳಿಯಲಿಲ್ಲ. ಆದರೂ ತಪ್ಪು ಯಜಮಾನರದ್ದೇ ಅನ್ನಿಸಿತು. ಹಣ್ಣು ಅಮ್ಮನವರಿಗೆ."

ಇವರು ಹೆಂಡತಿಯ ದನಿಯಲ್ಲೇ "ಮೆರ್ಸಿ" ಅಂದು ಸುಲಿಯೋಕೆ ಕೂತರು. ನಾನು ಕೆಳಗೆ ಹೋಗಿ, ಸುಮಿಮಾಸೆನ್, ಕ್ಷಮಿಸಿ ಅಂದು, ಅಜ್ಜಿಗೆ ವಿಷಯ ತಿಳಿಸಿ ಒಂದು ಟಿಕೆಟ್ ಕೊಟ್ಟು ಬಂದೆ.

3. ನಿಯಮ

ಹಾಲ್‌ನ ಮ್ಯಾನೇಜರ್-ಸಾನ್ ನಿಯಮದ ಪಟ್ಟಿ ಕೊಟ್ಟರು. ಮಾಸ್ಕ್ ಹಾಕಬೇಕು, ಒಂದು ಬಿಟ್ಟು ಒಂದು ಸೀಟು, ಮಾತಾಡಬಾರದು. ಕೊನೆಯದು: ಸದ್ದು ಮಾಡಿ ನಗಬಾರದು.

"ಹಾಸ್ಯ ನಾಟಕಕ್ಕಾ?" ಅಂದರು ನಟರು. ಆಮೇಲೆ ಮೆಲ್ಲಗೆ, "ಮೇಡಂ, ಎರಡು ವರ್ಷದಿಂದ ನನ್ನ ಕಿವಿಗೆ ಒಂದು ನಗು ಬಿದ್ದಿಲ್ಲ. ಅವತ್ತೂ ಬೀಳದಿದ್ರೆ ನನ್ನ ನಾಟಕ ಅಲ್ಲಿಗೆ ಮುಗೀತು."

ನಾನೇ ಮ್ಯಾನೇಜರ್ ಹತ್ತಿರ ಬೇಡಿಕೊಂಡೆ. ಅವರು ಪಟ್ಟಿಯನ್ನು ಇನ್ನೊಂದು ಸಲ ಓದಿ, "ಕಣ್ಣಲ್ಲಿ ಜೋರಾಗಿ ನಗಬಹುದು ಅಂತ ಅನೌನ್ಸ್ ಮಾಡಿಸ್ತೀನಿ" ಅಂದರು. ಮಾಡಿಸಿದರು ಕೂಡ.

4. ಅಪರಾಧಿ

ಮೂವತ್ತು ಜನ, ಮೂವತ್ತು ಮಾಸ್ಕ್. ಪಕ್ಕದ ಪರದೆಗೆ ಮಾತಿನ ಜಪಾನೀಸ್ ಅನುವಾದ ಬರಿಸುವ ಬಟನ್ ಒತ್ತುತ್ತಾ ನಾನು ರಂಗದ ಮರೆಯಿಂದ ನೋಡುತ್ತಿದ್ದೆ. ಎಲ್ಲರ ಭುಜ ಕುಲುಕುತ್ತಿದೆ, ಒಬ್ಬರು ಮಾಸ್ಕಿನ ಮೇಲೆ ಕರವಸ್ತ್ರ ಒತ್ತಿಕೊಂಡಿದ್ದಾರೆ. ಲೈಟು ಕಣ್ಣಿಗೆ ಹೊಡೆಯುತ್ತಿದ್ದ ನಟರಿಗೆ ಇದೇನೂ ಕಾಣದು. ನೀರು ಕುಡಿಯಲು ಒಳಗೆ ಬಂದವರು ಲೋಟ ಕೆಳಗಿಟ್ಟು ಅಂದರು, "ಹತ್ತೇ ನಿಮಿಷ, ಮೇಡಂ. ಮತ್ತೆ ಸತ್ತೆ."

ಮೂರನೇ ದೃಶ್ಯದಲ್ಲಿ ಗಂಡ ಹೆಂಡತಿಯ ಕಾಲು ಹಿಡಿಯುತ್ತಾನೆ. ಹಿಂದಿನ ಸಾಲಿಂದ ಕಿಸಕ್ ಅಂತ ಒಂದು ನಗು ಬಂತು. ಒಂದೇ ಒಂದು. ಇವರ ಬೆನ್ನು ನೆಟ್ಟಗಾಯಿತು. ಅಲ್ಲಿಂದಾಚೆಗೆ ಅವರು ಆಡಿದಂಥ ಆಟ ನಾನು ಯಾವತ್ತೂ ನೋಡಿರಲಿಲ್ಲ.

ಇಲ್ಲಿ ನಾಟಕ ಮುಗಿದರೆ ಪ್ರೇಕ್ಷಕರು ಅಭಿಪ್ರಾಯದ ಹಾಳೆ ತುಂಬಿಯೇ ಹೋಗುವುದು. ಒಂದೊಂದಾಗಿ ಓದಿ ಹೇಳಿದೆ. ಎಲ್ಲದರಲ್ಲೂ "ಚೆನ್ನಾಗಿತ್ತು, ಧನ್ಯವಾದ." ಒಂದು ಮಾತ್ರ ಎರಡೂ ಮಗ್ಗುಲು ತುಂಬಿತ್ತು: "ಮೂರನೇ ದೃಶ್ಯದಲ್ಲಿ ಸದ್ದು ಮಾಡಿದವಳು ನಾನೇ. ನಿಯಮ ಮುರಿದೆ, ನಟರಿಗೆ ತೊಂದರೆ ಕೊಟ್ಟೆ. ಇನ್ನೆಂದೂ ನಗುವುದಿಲ್ಲ. ಕ್ಷಮಿಸಬೇಕು. ಕೆಳಮನೆಯ ಮುದುಕಿ."

ನಟರು ಕಣ್ಣು ಒರೆಸಿಕೊಂಡು, ಉತ್ತರ ಬರೀರಿ ಅಂದರು. ಮಾರನೆಯ ಬೆಳಿಗ್ಗೆ ಅಜ್ಜಿಯ ಬಾಗಿಲಿಗೆ ಒಂದು ಚೀಲ ಕಿತ್ತಳೆ ನೇತುಹಾಕಿ, ಚೀಟಿ ಸಿಕ್ಕಿಸಿ ಬಂದೆ:

"ಕ್ಷಮಿಸುವುದಿಲ್ಲ. ಮುಂದಿನ ತಿಂಗಳು ಮತ್ತೆ ಆಡುತ್ತಿದ್ದೇನೆ. ಶಿಕ್ಷೆಯಾಗಿ ಮೊದಲ ಸಾಲಿನಲ್ಲಿ ಕೂರಬೇಕು. ಹಣ್ಣು ನನ್ನ ಹೆಂಡತಿ ಕಳಿಸಿದ್ದು."