ಹರಿಣಿಯ ಹಿತ್ತಲಿಗೆ ಹನ್ನೆರಡು ಹೆಲೆಬೋರ್

ಗಂಡನಾದವನು ಹೆಂಡತಿಯ ಹೆಸರಿನ ಮೇಲೆ ಜೋಕು ಮಾಡಬಾರದು. ಈ ಸತ್ಯ ನನಗೆ ಹೊಳೆದದ್ದು ಮದುವೆಯಾಗಿ ಹತ್ತೊಂಬತ್ತು ವರ್ಷಗಳ ಮೇಲೆ, ಅಮೆರಿಕದ ಸುವಾನಿ ಎಂಬ ಊರಿನ ನಮ್ಮ ಮನೆಯ ಅಡುಗೆಮನೆ ಕಿಟಕಿಯ ಮುಂದೆ.

ನನ್ನ ಹೆಂಡತಿಯ ಹೆಸರು ಹರಿಣಿ. ಅವಳು ಎರಡು ವರ್ಷ ಮಗುವಿನಂತೆ ಸಾಕಿದ ಗುಲಾಬಿ, ದಾಸವಾಳಗಳನ್ನು ಜಿಂಕೆಗಳ ಸಂಸಾರವೊಂದು ಬಂದು ಒಂದೇ ಬೆಳಗ್ಗೆ ಮುಳ್ಳುಸಮೇತ ಮುಗಿಸಿತು. ನಾನು ಬಾಯಿ ಮುಚ್ಚಿಕೊಂಡಿರಬಹುದಿತ್ತು.

"ಬಾರೇ ಇಲ್ಲಿ, ನಿನ್ನ ತವರಿನವರು ಬಂದಿದ್ದಾರೆ. ಹರಿಣಿ ಅಂತ ಸುಮ್ಮನೆ ಹೆಸರಿಟ್ರಾ?" ಎಂದುಬಿಟ್ಟೆ.

ಅವಳು ನಗಲಿಲ್ಲ. ಬೈಯಲೂ ಇಲ್ಲ. (ಬೈದಿದ್ದರೆ ನನಗೆ ಅಭ್ಯಾಸವಿದೆ.) ಗ್ಲೌಸು, ಕತ್ತರಿ, ನೀರಿನ ಪೈಪು ಎಲ್ಲವನ್ನೂ ಗರಾಜಿನ ಮೂಲೆಗೆ ಒಟ್ಟಿ, "ಇನ್ನು ಈ ಮನೆಗೆ ಅಂಗಡಿ ಹೂವೇ ಸಾಕು" ಎಂದಳು. ಸಾಯಂಕಾಲ ಕಾಫಿ ಲೋಟ ಹಿಡಿದು ಹಿತ್ತಲಲ್ಲಿ ಒಂದು ಸುತ್ತು ಹಾಕುತ್ತಿದ್ದವಳು ಅದನ್ನೂ ನಿಲ್ಲಿಸಿದಳು. ಸೋಫಾದಲ್ಲಿ ಕೂತು ಗೋಡೆ ನೋಡುತ್ತಾ ಕಾಫಿ ಕುಡಿಯುವ ಹರಿಣಿಯನ್ನು ನೋಡಲು ನನ್ನಿಂದಾಗಲಿಲ್ಲ.

ಪ್ರಾಯಶ್ಚಿತ್ತಾರ್ಥವಾಗಿ ಅಕ್ಟೋಬರಿನಲ್ಲಿ ನರ್ಸರಿಗೆ ಹೋದೆ. ಅಲ್ಲಿನ ಹೆಂಗಸು ನನ್ನ ಕಥೆ ಕೇಳಿ ಮರುಗಿ, ಹೆಲೆಬೋರ್ ಎಂಬ ಗಿಡ ತೋರಿಸಿದಳು. ನೆರಳಲ್ಲೇ ಬೆಳೆಯುತ್ತದಂತೆ, ಚಳಿಯಲ್ಲೇ ಹೂ ಬಿಡುತ್ತದಂತೆ, ಎಲೆಯಲ್ಲಿ ವಿಷವಿರುವುದರಿಂದ ಜಿಂಕೆ ಅದರ ತಂಟೆಗೇ ಬರುವುದಿಲ್ಲವಂತೆ. ಹನ್ನೆರಡು ಕುಂಡ ಹೇರಿಕೊಂಡು ಬಂದೆ.

"ಏನ್ರೀ ಇದು?"

"ಹೆಲೆಬೋರ್."

"ಹೇಳೋದಕ್ಕೇ ಬೋರ್. ಹೂ ಬಿಡೋದು ಯಾವಾಗ?"

"ಫೆಬ್ರವರಿ."

"ಹೂ ಬಿಡೋಕೆ ಅದಕ್ಕೆ ಬೇರೆ ತಿಂಗಳೇ ಸಿಗ್ಲಿಲ್ವಾ?"

ನಾನು ಗುದ್ದಲಿ ಎತ್ತಿಕೊಂಡೆ. ಜಾರ್ಜಿಯಾದ ಕೆಂಪು ಜೇಡಿಮಣ್ಣು ನೆನೆದರೆ ಅಂಟು, ಒಣಗಿದರೆ ಇಟ್ಟಿಗೆ. ಪೈನ್ ಮರಗಳ ಕೆಳಗೆ ಹನ್ನೆರಡು ಗುಂಡಿ ತೋಡಲು ಮೂರು ವೀಕೆಂಡು ಹಿಡಿಯಿತು. ಜನವರಿಯಲ್ಲಿ, ಹೂವು ಚೆನ್ನಾಗಿ ಕಾಣಲು ಹಳೆಯ ಎಲೆಗಳನ್ನೆಲ್ಲ ಕತ್ತರಿಸಬೇಕೆಂದು ನರ್ಸರಿಯವಳು ಹೇಳಿದ್ದಳು, ಕತ್ತರಿಸಿದೆ.

ಹರಿಣಿ ಕಿಟಕಿ ತೆರೆದು, "ಹನ್ನೆರಡೂ ತಿರುಪತಿಗೆ ಹೋಗಿ ಬಂದ್ವಾ?" ಎಂದು ಕೇಳಿ ಮುಚ್ಚಿದಳು.

ಫೆಬ್ರವರಿ ಎರಡನೇ ವಾರ ಹೂವು ಬಂತು! ನೇರಳೆ, ತಿಳಿಹಸಿರು, ಹಾಲುಬಿಳುಪು. ಒಂದೇ ತೊಂದರೆ: ಹನ್ನೆರಡು ಗಿಡದ ಅಷ್ಟೂ ಹೂವುಗಳು ತಲೆ ತಗ್ಗಿಸಿ ನೆಲ ನೋಡುತ್ತಿದ್ದವು. ನಿಂತವರಿಗೆ ಕಾಣುವುದು ಬೆನ್ನು ಮಾತ್ರ.

ಹರಿಣಿ ಶಾಲು ಹೊದ್ದು ಹಿಂಬದಿಯ ಮರದ ಡೆಕ್‌ವರೆಗೆ ಬಂದಳು. "ಮುಖ ಎಲ್ಲಿ ರೀ?"

"ನಾಚಿಕೆ ಸ್ವಭಾವ ಕಣೇ."

"ನಾಚಿಕೆಯಲ್ಲ, ತಪ್ಪು ಮಾಡಿದವರ ಥರ ಇದೆ. ಅದು ನನ್ನ ಮುಖ ನೋಡಿದ ದಿನ ನಾನೂ ಅದರ ಮುಖ ನೋಡ್ತೀನಿ."

ಒಳಗೆ ಹೋದಳು. ಆದರೆ ಹೋಗುವ ಮುಂಚೆ ಅರ್ಧ ನಿಮಿಷ ಹೆಚ್ಚೇ ನಿಂತಿದ್ದಳು. ಆ ಅರ್ಧ ನಿಮಿಷವೇ ನನ್ನನ್ನು ಕೆಡಿಸಿತು. ಕೆಳಗಿನಿಂದ ಫೋಟೋ ತೆಗೆದು ಟಿವಿಯಲ್ಲಿ ದೊಡ್ಡದಾಗಿ ತೋರಿಸಿದರೆ ಕರಗದೆ ಇರುತ್ತಾಳೆಯೇ?

ಶನಿವಾರ ಬೆಳಗ್ಗೆ ಹನ್ನೊಂದಕ್ಕೆ, ಕಿವಿಗೆ ಇಯರ್‌ಫೋನ್ ತುರುಕಿಕೊಂಡು, ಹಳೆಯ ಹಾಡು ಹಾಕಿಕೊಂಡು, ಗಿಡದ ಬುಡಕ್ಕೆ ತಲೆ ಕೊಟ್ಟು ಅಂಗಾತ ಮಲಗಿದೆ. ಗಾಳಿಗೆ ಹೂವು ಅಲ್ಲಾಡುತ್ತಿತ್ತು. ಗಾಳಿ ನಿಲ್ಲಲಿ ಎಂದು ಫೋನನ್ನು ಎದೆಯ ಮೇಲಿಟ್ಟು, ಅದರ ಮೇಲೆ ಎರಡೂ ಕೈ ಜೋಡಿಸಿ, ಕಣ್ಣು ಮುಚ್ಚಿದೆ. (ಈ ಭಂಗಿಯಲ್ಲಿ ಮನುಷ್ಯ ಹೇಗೆ ಕಾಣುತ್ತಾನೆಂದು ನೀವೇ ಊಹಿಸಿಕೊಳ್ಳಿ.)

ಪಕ್ಕದ ಮನೆಯ ಮಿಸ್ ಕ್ಯಾರೊಲಿನ್ ಎಪ್ಪತ್ತೊಂಬತ್ತು ವರ್ಷದ ನಿವೃತ್ತ ಟೀಚರ್. ಬೇಲಿಯಾಚೆಯಿಂದ ಮೂರು ಸಲ ನನ್ನ ಹೆಸರು ಕೂಗಿದರಂತೆ. ನಲವತ್ತು ಮಕ್ಕಳ ಕ್ಲಾಸನ್ನು ಅಡಗಿಸಿದ ಆ ಧ್ವನಿ ನನ್ನ ಕಿವಿಗೆ ಬೀಳಲಿಲ್ಲ. ಅವರು ನೈನ್ ಒನ್ ಒನ್ ಒತ್ತಿದರು. ಸೈರನ್ ಕೇಳಿದಾಗಲೂ ಹಾಡಿನಲ್ಲಿ ಯಾರೋ ಹೊಸ ವಾದ್ಯ ನುಡಿಸುತ್ತಿದ್ದಾರೆಂದುಕೊಂಡೆ.

ಕಣ್ಣು ಬಿಟ್ಟರೆ ಮೇಲೆ ಹೂವಿಲ್ಲ. ಆಂಬುಲೆನ್ಸಿನ ಇಬ್ಬರು ದೈತ್ಯರು, ಬರಿಗಾಲಲ್ಲಿ ಓಡಿ ಬಂದ ಹರಿಣಿ. ಅವಳ ಎರಡೂ ಕೈಗೆ ಚಪಾತಿ ಹಿಟ್ಟು ಮೆತ್ತಿತ್ತು.

"ರೀ! ಏಳ್ರೀ! ಅಯ್ಯೋ, ಮಾತಾಡ್ರೀ!"

"ಏನಾಯ್ತೇ?"

"ಏನಾಯ್ತಾ? ನಿಮಗೇನಾಯ್ತು?"

"ಏನಿಲ್ಲ... ಹೂವಿನ ಫೋಟೋ..."

ಅವಳು ಅಲ್ಲೇ ಮಣ್ಣಿನಲ್ಲಿ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ಹಿಂದೆಯೇ ಬಂದ ಮಗಳು ಅನ್ವಿತಾ, "ಅಪ್ಪಾ, ಸೀರಿಯಸ್ಲಿ, ಯು ಲುಕ್ಡ್ ಡೆಡ್. ಮಿಸ್ ಕ್ಯಾರೊಲಿನ್ ಕೂಡ ಕ್ರೈ ಮಾಡ್ತಿದಾರೆ" ಎಂದಳು.

ನನಗೆ ನಾಚಿಕೆಯಾಯಿತು. ಅವಳ ಹಿಟ್ಟಿನ ಕೈ ಹಿಡಿದುಕೊಂಡು, "ತಪ್ಪಾಯ್ತು ಹರಿಣಿ. ಜಿಂಕೆ ಬಂದ ದಿನ ಹೇಳಿದ್ದಕ್ಕೂ ತಪ್ಪಾಯ್ತು" ಎಂದೆ. ಅವಳು ಮೂಗೊರೆಸಿಕೊಳ್ಳಲು ತಲೆ ಬಗ್ಗಿಸಿದಳು, ಹೂವಿನ ಅಡಿಗೆ ಕಣ್ಣು ಹೋಗಿ ಹಾಗೇ ಇದ್ದುಬಿಟ್ಟಳು. ಕುತ್ತಿಗೆ ಇನ್ನಷ್ಟು ಬಾಗಿಸಿದಳು. ಕೊನೆಗೆ ಅಷ್ಟು ಜನರ ಎದುರಿಗೇ ನನ್ನ ಪಕ್ಕದಲ್ಲಿ ಮಲಗಿದಳು.

"ಅಯ್ಯೋ, ಒಳಗೆ ಎಷ್ಟು ಚೆನ್ನಾಗಿದೆ ರೀ! ಯಾರೋ ಕೂತು ಕುಂಕುಮ ಚಿಮುಕಿಸಿದ ಹಾಗಿದೆ."

ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ನಾನು ಗೆದ್ದಿದ್ದೆ. ಆ ಗೆಲುವಿನ ಆಯುಸ್ಸು ಎರಡು ನಿಮಿಷ.

"ಹೇಗೂ ಬಂದಿದ್ದೇವೆ" ಎಂದು ಆಂಬುಲೆನ್ಸಿನವನು ನನ್ನ ತೋಳಿಗೆ ಬಿಪಿ ಪಟ್ಟಿ ಸುತ್ತಿದ. ಮುಖ ಗಂಭೀರ ಮಾಡಿಕೊಂಡು ಮತ್ತೊಮ್ಮೆ ಸುತ್ತಿದ. ನೂರ ಎಪ್ಪತ್ತೆರಡು, ನೂರ ಆರು. ಬಿಪಿಗೆ ಏನು ತೆಗೆದುಕೊಳ್ಳುತ್ತೀರಿ ಎಂದು ಕೇಳಿದ.

"ಕಾಫಿ" ಎಂದೆ.

ಹರಿಣಿ ಹೂವಿನಡಿಯಿಂದ ಎದ್ದು ಕೂತಳು. ಆ ಕಣ್ಣಿನಲ್ಲಿ ಈಗ ನೀರಿರಲಿಲ್ಲ.

ಸೋಮವಾರ ಡಾಕ್ಟರು, ಮಂಗಳವಾರ ಮಾತ್ರೆ, ಬುಧವಾರದಿಂದ ಉಪ್ಪಿಲ್ಲದ ಓಟ್ಸ್ ಗಂಜಿ. ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ ಮನೆಯಿಂದ ಗಡಿಪಾರಾದವು. ನನ್ನ ಅಕ್ಕ ಉಡುಪಿಯಿಂದ ಕಳಿಸಿದ್ದ ಮಿಡಿ ಉಪ್ಪಿನಕಾಯಿಯ ಭರಣಿಯನ್ನು, ಗಂಡನ ಪ್ರಾಣ ಉಳಿಸಿದ ಕೃತಜ್ಞತೆಗೆಂದು, ಹರಿಣಿ ಸ್ವತಃ ಮಿಸ್ ಕ್ಯಾರೊಲಿನ್‌ಗೆ ಕೊಟ್ಟು ಬಂದಳು.

ಈಗ ಸಾಯಂಕಾಲವಾದರೆ ಅವರಿಬ್ಬರೂ ಹಿತ್ತಲಲ್ಲಿ ಗಿಡದ ಮುಂದೆ ಮಣೆ ಹಾಕಿಕೊಂಡು ಕೂರುತ್ತಾರೆ. ನಿನ್ನೆ ನಾನು ಗಂಜಿಯ ಬಟ್ಟಲು ಹಿಡಿದು ಹತ್ತಿರ ಹೋದೆ. ಮಿಸ್ ಕ್ಯಾರೊಲಿನ್ ಬಿಸ್ಕತ್ತಿನ ಮೇಲೆ ಒಂದು ಮಿಡಿಯನ್ನಿಟ್ಟು ಕಚ್ಚಿ, ಕಣ್ಣು ಮುಚ್ಚಿ ಚಪ್ಪರಿಸಿ, ನನ್ನ ಅಕ್ಕನಿಗೆ ಬಹಳ ಬಹಳ ಥ್ಯಾಂಕ್ಸ್ ಹೇಳಬೇಕೆಂದರು. ಆಮೇಲೆ ಸ್ವಲ್ಪ ಸಂಕೋಚದಿಂದ, "ಬೇಜಾರು ಮಾಡಿಕೊಳ್ಳಬೇಡ ಪ್ರಸಾದ್, ಮುಂದಿನ ಸಲ ಇನ್ನೊಂದು ಚೂರು ಉಪ್ಪು ಹಾಕಲು ಹೇಳು" ಎಂದರು.